ಅಳಿಸಬೇಡಿ, ಆ ಅಪರಿಚಿತನೂ ಇರಲಿ

ಲಂಡನ್ನಿಗೆ ಬರುವ ನಮ್ಮ ನಾಡಿನ ಯಾತ್ರಿಕರು ತಪ್ಪದೆ ಹೋಗಿ ನಿಲ್ಲುವ ಸ್ಥಳಗಳಲ್ಲಿ ಟ್ರಫಾಲ್ಗರ್ ಚೌಕವೂ ಒಂದು. ನಡುವೆ 169 ಅಡಿ ಎತ್ತರದ ನೆಲ್ಸನ್ ಸ್ತಂಭ, ಅದರ ಬುಡದಲ್ಲಿ ನಾಲ್ಕು ಕಂಚಿನ ಸಿಂಹಗಳು, ಎರಡು ಕಾರಂಜಿ, ಉತ್ತರದಲ್ಲಿ ನ್ಯಾಷನಲ್ ಗ್ಯಾಲರಿಯ ಕಂಬಗಳ ಸಾಲು. ಇಷ್ಟನ್ನೂ ಒಂದೇ ಚೌಕಟ್ಟಿನೊಳಕ್ಕೆ ತಂದುಕೊಂಡು, ಅದರ ಮುಂದೆ ಅತ್ತೆಮಾವಂದಿರನ್ನೂ ಹೆಂಡತಿಮಕ್ಕಳನ್ನೂ ಎತ್ತರದ ಅನುಕ್ರಮದಲ್ಲಿ ನಿಲ್ಲಿಸಿ, ಸೆರಗು ಸರಿಪಡಿಸಿ, ಟೋಪಿ ತೆಗೆಸಿ, ತಾನು ನಾಲ್ಕು ಹೆಜ್ಜೆ ಹಿಂದೆ ಸರಿದು ಮೊಬೈಲನ್ನು ಎತ್ತಿ ಹಿಡಿಯುವ ಗೃಹಸ್ಥನ ಸಹನೆಯನ್ನು ಯಾರಾದರೂ ಮೆಚ್ಚಲೇಬೇಕು. ಏಕೆಂದರೆ ಅವನು ಬಟನ್ ಒತ್ತುವ ಕ್ಷಣಕ್ಕೆ ಸರಿಯಾಗಿ ಯಾವನೋ ಒಬ್ಬ ಸ್ಯಾಂಡ್‌ವಿಚ್ ತಿನ್ನುತ್ತ ಅಡ್ಡ ಹಾಯುತ್ತಾನೆ. ಅವನು ಹೋದನೆನ್ನುವಷ್ಟರಲ್ಲಿ ಶಾಲೆಯ ಮಕ್ಕಳ ದಂಡೊಂದು ಮೇಷ್ಟರ ಹಿಂದೆ ಸಾಲುಗಟ್ಟಿ ಬರುತ್ತದೆ. ಹಿಂದೆ ಇವರೆಲ್ಲ ದಾಟಿಹೋಗುವ ತನಕ ಕಾಯಬೇಕಾಗಿತ್ತು. ಈಗ ಕಾಯತಕ್ಕ ಕಾರಣವಿಲ್ಲ. ಚಿತ್ರ ತೆಗೆದ ಮೇಲೆ ಆ ದಾರಿಹೋಕನ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದರೆ ಸಾಕು, ಮೊಬೈಲು ಅವನನ್ನು ಅಳಿಸಿಹಾಕಿ, ಅವನಿದ್ದೆಡೆಯಲ್ಲಿ ಇದ್ದಿರಬಹುದಾದ ಕಲ್ಲುಹಾಸನ್ನು ತಾನೇ ಊಹಿಸಿ ತುಂಬಿಕೊಡುತ್ತದೆ. ಕಸದ ತೊಟ್ಟಿಯೂ ರಿಪೇರಿಗೆ ಕಟ್ಟಿದ ಸಾರುವೆಯೂ ಇದೇ ರೀತಿಯಲ್ಲಿ ಅಂತರ್ಧಾನವಾಗುತ್ತವೆ. ಕೊನೆಗೆ ಊರಿನ ಬಂಧುಗಳಿಗೆ ತಲುಪುವ ಚಿತ್ರದಲ್ಲಿ, ಸುಮಾರು 90 ಲಕ್ಷ ಜನ ವಾಸಿಸುವ ಈ ಮಹಾನಗರದ ನಟ್ಟನಡುವೆ, ನಮ್ಮ ಕುಟುಂಬವೊಂದೇ ನಗುತ್ತ ನಿಂತಿರುತ್ತದೆ.

ನನ್ನ ಆಕ್ಷೇಪವಿರುವುದು ಆ ಅಳಿಸುವ ಬೆರಳಿನ ಮೇಲೆ. ಪ್ರವಾಸಕಾಲದಲ್ಲಿ ತೆಗೆದ ಚಿತ್ರವೊಂದು ವರ್ಷಗಳು ಉರುಳಿದ ಮೇಲೆ ಯಾವುದರಿಂದ ಬೆಲೆಯುಳ್ಳದ್ದಾಗುತ್ತದೆ ಎಂದು ವಿಚಾರಿಸಿದರೆ, ತೆಗೆದವನು ಏನನ್ನು ತೋರಿಸಬೇಕೆಂದು ಹಂಬಲಿಸಿದನೋ ಅದರಿಂದ ಅಪರೂಪವಾಗಿಯೂ, ಅವನ ಕಣ್ಣು ತಪ್ಪಿಸಿ ಚೌಕಟ್ಟಿನೊಳಕ್ಕೆ ತಾನಾಗಿ ನುಸುಳಿದ್ದು ಏನೋ ಅದರಿಂದ ಬಹುಮಟ್ಟಿಗೂ ಎಂದು ಹೇಳಬೇಕಾಗುತ್ತದೆ. ನೆಲ್ಸನ್ ಸ್ತಂಭ ನಾಳೆಯೂ ಇರುತ್ತದೆ. ಅದರ ಚಿತ್ರ ಬೀದಿಯ ಅಂಗಡಿಯ ಕಾರ್ಡಿನಲ್ಲಿ ಇನ್ನೂ ಚೆನ್ನಾಗಿ ಸಿಕ್ಕುತ್ತದೆ. ಸ್ಯಾಂಡ್‌ವಿಚ್ ತಿನ್ನುತ್ತ ಹೋದವನ ಅಂಗಿಯ ಮಾಟ, ಅವನ ಕೈಯೊಳಗಣ ಪೊಟ್ಟಣ, ಅವನ ಹಿಂದೆ ನಿಂತ ಬಸ್ಸಿನ ಪಕ್ಕೆಗೆ ಬಳಿದ ಜಾಹೀರಾತು, ಇವು ಮಾತ್ರ ಇನ್ನು ಐವತ್ತು ವರ್ಷಕ್ಕೆ ಯಾವ ಅಂಗಡಿಯಲ್ಲಿಯೂ ಸಿಕ್ಕವು.

ಇದಕ್ಕೆ ನಿದರ್ಶನವನ್ನು ಅರಸಿಕೊಂಡು ಆ ಚೌಕವನ್ನು ಬಿಟ್ಟು ಹೋಗಬೇಕಾಗಿಲ್ಲ. ಕಾಗದದ ಮೇಲೆ ಬೆಳಕಿನಿಂದಲೇ ಬಿಂಬ ಮೂಡಿಸುವ ತನ್ನ ವಿಧಾನವನ್ನು 1839ರಲ್ಲಿ ಲಂಡನ್ನಿನ ವಿದ್ವಾಂಸರ ಮುಂದಿಟ್ಟ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, 1844ರ ಏಪ್ರಿಲ್ ತಿಂಗಳಲ್ಲಿ, ಇನ್ನೂ ಕೆಲಸ ಮುಗಿಯದಿದ್ದ ಈ ಸ್ತಂಭದ ಚಿತ್ರವೊಂದನ್ನು ತೆಗೆದನು. ಸ್ತಂಭದ ಮೇಲ್ಭಾಗ ಚೌಕಟ್ಟಿನ ಹೊರಗೆ ಉಳಿದಿದೆ. ಯಾರ ಸ್ಮರಣಾರ್ಥವಾಗಿ ಅದನ್ನು ಎಬ್ಬಿಸಿದರೋ ಆ ವೀರನೇ ಚಿತ್ರದಲ್ಲಿಲ್ಲ. ಸಿಂಹಗಳು ಬಂದು ಕುಳಿತುಕೊಳ್ಳುವುದು 1867ರಲ್ಲಿ. ಹಾಗಾದರೆ ಇರುವುದೇನೆಂದರೆ, ಬುಡದಲ್ಲಿ ಮರದ ಅಟ್ಟಣಿಗೆ, ಹಿಂದೆ ಸೇಂಟ್ ಮಾರ್ಟಿನ್ ಚರ್ಚಿನ ಶಿಖರ, ಮುಂದೆ ಕೆಲಸದ ಜಾಗವನ್ನು ಸುತ್ತುವರಿದ ಹಲಗೆಯ ಬೇಲಿ. ಆ ಬೇಲಿಯ ಮೇಲೆ ಭಿತ್ತಿಪತ್ರ ಅಂಟಿಸಕೂಡದೆಂದು ಅಪ್ಪಣೆಯನ್ನು ಬರೆಯಿಸಿದ್ದಾರೆ. ಆ ಅಪ್ಪಣೆಯ ಸುತ್ತಲೂ ಭಿತ್ತಿಪತ್ರಗಳು ಸಾಲುಸಾಲಾಗಿ ಅಂಟಿಕೊಂಡಿವೆ. ಬೆಂಗಳೂರಿನ ಕಾಂಪೌಂಡ್ ಗೋಡೆಗಳನ್ನು ಬಲ್ಲವನಿಗೆ ವಿಕ್ಟೋರಿಯಾ ರಾಣಿಯ ಪ್ರಜೆಗಳ ಮೇಲೆ ಒಡನೆಯೇ ಬಂಧುಭಾವ ಹುಟ್ಟುತ್ತದೆ. ಇಂದು ವಿದ್ವಾಂಸರು ಆ ಚಿತ್ರದಲ್ಲಿ ಬಹು ಆಸ್ಥೆಯಿಂದ ನೋಡುವುದು ಆ ಬೇಲಿಯನ್ನೇ. ಒಂದು ಮಾತನ್ನು ಇಲ್ಲಿ ಹೇಳದೆ ಇರಲಾರೆ: ಆ ಕಾಲದ ಕ್ಯಾಮೆರಾಕ್ಕೆ ನಡೆದಾಡುವ ಜನರನ್ನು ಹಿಡಿದು ನಿಲ್ಲಿಸುವ ಶಕ್ತಿಯಿರಲಿಲ್ಲವಾದುದರಿಂದ ಚೌಕ ನಿರ್ಜನವಾಗಿ ಕಾಣುತ್ತದೆ. ಅಂದು ಯಂತ್ರದ ಅಸಾಮರ್ಥ್ಯದಿಂದ ಅಳಿದುಹೋದ ದಾರಿಹೋಕರನ್ನು ಇಂದು ನಾವು ಯಂತ್ರದ ಸಾಮರ್ಥ್ಯದಿಂದ ಅಳಿಸುತ್ತಿದ್ದೇವೆ.

ಅದೇ ಚೌಕದಲ್ಲಿ 1960ರ ಮತ್ತು 1970ರ ದಶಕಗಳಲ್ಲಿ ನಿಂತು ಚಿತ್ರ ತೆಗೆಸಿಕೊಂಡ ನಮ್ಮವರ ಆಲ್ಬಮ್ಮುಗಳನ್ನು ತೆರೆದು ನೋಡಿದರೆ, ಓವರ್‌ಕೋಟಿನ ತೋಳಿನ ಮೇಲೆ, ಚಾಚಿದ ಅಂಗೈಯ ಮೇಲೆ, ಒಮ್ಮೊಮ್ಮೆ ತಲೆಯ ಮೇಲೆಯೇ, ಪಾರಿವಾಳಗಳು. ಕಾಳು ಮಾರುವವರು ಅಲ್ಲಿಯೇ ಇರುತ್ತಿದ್ದರು. ಒಂದು ಬಟ್ಟಲು ಕಾಳು ಕೊಂಡರೆ ಹಕ್ಕಿಗಳ ಹಿಂಡೇ ಮುತ್ತುತ್ತಿತ್ತು. ಹಿಕ್ಕೆಯಿಂದ ಕಲ್ಲು ಕೆಡುತ್ತದೆ, ಜನರ ಆರೋಗ್ಯಕ್ಕೂ ಹಾನಿ ಎಂಬ ಕಾರಣದಿಂದ ಮೇಯರ್ ಕೆನ್ ಲಿವಿಂಗ್‌ಸ್ಟನ್ನರ ಕಾಲದಲ್ಲಿ, 2003ರಲ್ಲಿ, ಅಲ್ಲಿ ಹಕ್ಕಿಗಳಿಗೆ ಕಾಳು ಹಾಕುವುದನ್ನು ನಿಷೇಧಿಸಲಾಯಿತು. ಗಿಡುಗವನ್ನು ಹಾರಿಸಿ ಅವುಗಳನ್ನು ಚದರಿಸಿದರು. ಈಗ ಅಲ್ಲೊಂದು ಇಲ್ಲೊಂದು ಉಳಿದಿದೆ. ಅಂದು ಪಾರಿವಾಳದ ಕಾಟಕ್ಕೆ ಮುಖ ಸಿಂಡರಿಸಿಕೊಂಡು ನಿಂತಿದ್ದವರ ಚಿತ್ರವೇ ಇಂದು, ಲಂಡನ್ನಿನ ಒಂದು ಕಾಲದ ಬದುಕಿಗೆ ಸಾಕ್ಷ್ಯ ಹೇಳುತ್ತಿದೆ.

ನಮ್ಮ ನಾಡಿನ ಅತಿ ಪ್ರಾಚೀನ ಛಾಯಾಚಿತ್ರಗಳಲ್ಲಿ ಹಲವನ್ನು ಕಾಣಬೇಕೆನ್ನುವವರೂ ಈ ನಗರಕ್ಕೇ ಬರಬೇಕಾಗಿದೆ ಎಂಬುದು ವಿಧಿಯ ವಿನೋದ. ಬೊಂಬಾಯಿ ಸರ್ಕಾರಕ್ಕಾಗಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿ 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದನು. ಅವನ ಕೆಲಸವನ್ನು ಪಿಗೌ ಎಂಬ ವೈದ್ಯನು ಮುಂದುವರಿಸಿದನು. ಮೈಸೂರು ಸೀಮೆಯ ದೇವಾಲಯಗಳ ಮುಂದೆ ನೀಲ್ ಎಂಬ ಮತ್ತೊಬ್ಬ ವೈದ್ಯನು ಕ್ಯಾಮೆರಾ ಹೂಡಿದನು. ಈ ಮೂವರ ಚಿತ್ರಗಳನ್ನು ಕೂಡಿಸಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಭಾರಿ ಗ್ರಂಥವೊಂದನ್ನು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದನು. ಅದಕ್ಕೆ ಪೋಷಕನಾಗಿ ನಿಂತವನು ಬೊಂಬಾಯಿಯ ಹತ್ತಿಯ ದೊರೆ ಪ್ರೇಮಚಂದ ರಾಯಚಂದ. ಚಾರಿತ್ರಿಕ ಭಾಗವನ್ನು ಬರೆದವನು ಸುರಪುರದವರು ಇಂದಿಗೂ ಮರೆಯದ ಮೆಡೋಸ್ ಟೇಲರ್. ವಾಸ್ತುವಿನ ವಿವರಣೆಯನ್ನು ಜೇಮ್ಸ್ ಫರ್ಗುಸನ್ ಒದಗಿಸಿದನು. ಚಿತ್ರ ತೆಗೆದವರು ಮೂವರು, ಅದಕ್ಕೆ ಮಾತು ಕೂಡಿಸಿದವರು ಇಬ್ಬರು. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ, ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಇದೇ ಕಾಲಮಾನದಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ಹಂಪೆಗೆ ಹೋಗಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಆ ಹಾಳುನಗರವನ್ನು ಹಿಡಿದನು. ಬಹುಕಾಲ ಕಣ್ಮರೆಯಾಗಿದ್ದ ಆ ನೆಗೆಟಿವ್‌ಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಬೆಳಕಿಗೆ ಬಂದಾಗ, ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಚಿಕ್ಕಂದಿನಿಂದ ಕಂಡವರೂ ಬೆರಗಾಗುವಂತಹ ಸಂಗತಿಯೊಂದು ಕಂಡಿತು. ನಮ್ಮ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಇಂದು ಬೋಳುತಲೆಯಿಂದ ನಿಂತಿರುವ ಆ ರಥದ ಮೇಲೆ ಗ್ರೀನ್‌ಲಾನ ಚಿತ್ರದಲ್ಲಿ ಇಟ್ಟಿಗೆಯ ಶಿಖರವೊಂದು ನೆಟ್ಟಗೆ ಎದ್ದಿದೆ. ಅದು ಹೋದುದು ಆಮೇಲೆ. ಶಿಥಿಲವಾದ ಇಟ್ಟಿಗೆಯ ರಾಶಿ ಕಲ್ಲಿನ ಕೆತ್ತನೆಯ ಸೊಬಗಿಗೆ ಕಳಂಕವೆಂದು ಭಾವಿಸಿ ಅದನ್ನು ಚಿತ್ರದಿಂದ ಒರೆಸಿಬಿಡುವ ಅನುಕೂಲ ಅವನಿಗೆ ಇದ್ದಿದ್ದರೆ, ಆ ರಥದ ಪೂರ್ವಾಕಾರವನ್ನು ಇಂದು ಊಹೆಯಿಂದಲೇ ಕಟ್ಟಿಕೊಳ್ಳಬೇಕಾಗುತ್ತಿತ್ತು. ಇಂಗ್ಲಿಷರ ಈ ಕೆಲಸವನ್ನು ನಾನು ನಿಷ್ಕಳಂಕವೆಂದು ಹೊಗಳುವವನಲ್ಲ. ಆಳುವವನು ತನ್ನ ಸ್ವತ್ತಿನ ಪಟ್ಟಿ ಮಾಡುವ ಗತ್ತು ಅದರಲ್ಲಿ ಇದ್ದೇ ಇದೆ. ಆ ಕಾಲದ ಇಂತಹ ಚಿತ್ರಗಳಲ್ಲಿ ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ನಮ್ಮ ಊರಿನ ಮನುಷ್ಯನ ಹೆಸರನ್ನು ಬರೆದಿಟ್ಟುಕೊಳ್ಳಬೇಕೆಂದು ಯಾರಿಗೂ ತೋರಲಿಲ್ಲ. ಆದರೂ ಅವನು ಅಲ್ಲಿದ್ದಾನೆ. ಅವನ ಮುಂಡಾಸಿನ ಸುತ್ತು, ಧೋತ್ರದ ಕಟ್ಟು, ಬರಿಗಾಲು, ಇವೆಲ್ಲ ಅಲ್ಲಿವೆ.

ಗ್ರೀನಿಚ್ಚಿನ ವಿಷಯ ಇನ್ನೂ ಸ್ವಾರಸ್ಯವಾದುದು. ಥೇಮ್ಸಿನ ದಕ್ಷಿಣದ ಗುಡ್ಡದ ಮೇಲಣ ಆ ವೇಧಶಾಲೆಯ ಅಂಗಳದಲ್ಲಿ ನೆಲಕ್ಕೆ ಲೋಹದ ಪಟ್ಟಿಯೊಂದನ್ನು ಕೂಡಿಸಿದ್ದಾರೆ. ಜಾರ್ಜ್ ಏರಿ ಎಂಬ ಖಗೋಳಜ್ಞನ ದೂರದರ್ಶಕದ ನೇರಕ್ಕೆ ಹಾದುಹೋಗುವ ಆ ಗೆರೆಯನ್ನೇ 1884ರ ವಾಷಿಂಗ್ಟನ್ ಸಮ್ಮೇಳನವು ಜಗತ್ತಿಗೆಲ್ಲ ಶೂನ್ಯ ರೇಖಾಂಶವೆಂದು ಒಪ್ಪಿತು. ಟಿಕೆಟ್ ಕೊಂಡು ಒಳಗೆ ಹೋಗಿ, ಸರತಿಯಲ್ಲಿ ನಿಂತು, ಒಂದು ಕಾಲನ್ನು ಪೂರ್ವಗೋಲಾರ್ಧದಲ್ಲಿಯೂ ಇನ್ನೊಂದನ್ನು ಪಶ್ಚಿಮಗೋಲಾರ್ಧದಲ್ಲಿಯೂ ಊರಿ ಚಿತ್ರ ತೆಗೆಸಿಕೊಳ್ಳದೆ ಹಿಂದಿರುಗುವವರು ವಿರಳ. ಆದರೆ ಆ ಚಿತ್ರವನ್ನು ತೆಗೆದ ಮೊಬೈಲೇ, ಯಾರೂ ಕೇಳದೆ ಇದ್ದರೂ, ಚಿತ್ರದ ಒಡಲಿನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಗುರುತು ಮಾಡಿಟ್ಟಿರುತ್ತದೆ. ತೆರೆದು ನೋಡಿದರೆ ಅದು ಶೂನ್ಯವಲ್ಲ, ಪಶ್ಚಿಮಕ್ಕೆ ಸುಮಾರು ಐದು ವಿಕಲೆ. ಏರಿಯ ಯಂತ್ರವು ಲಂಬವನ್ನು ಆ ಸ್ಥಳದ ಗುರುತ್ವಾಕರ್ಷಣೆಯಿಂದ ನಿಶ್ಚಯಿಸಿಕೊಂಡಿತು, ಉಪಗ್ರಹಗಳಾದರೋ ಭೂಮಿಯ ಕೇಂದ್ರದಿಂದ ಅಳೆಯುತ್ತವೆ. ಆದುದರಿಂದ ಉಪಗ್ರಹಗಳ ಶೂನ್ಯರೇಖೆ ಅಲ್ಲಿಂದ 102 ಮೀಟರ್ ಪೂರ್ವಕ್ಕೆ, ಟಿಕೆಟ್ಟಿಲ್ಲದ ಪಾರ್ಕಿನ ಹುಲ್ಲಿನ ನಡುವೆ, ಯಾವ ಸರತಿಯೂ ಇಲ್ಲದೆ ಹಾದುಹೋಗಿದೆ. ನಿಂತವನು ಹೇಳಿದ್ದು ಒಂದು, ಚಿತ್ರ ತನ್ನಷ್ಟಕ್ಕೆ ಬರೆದುಕೊಂಡದ್ದು ಇನ್ನೊಂದು. ಎರಡೂ ಉಳಿದರೆ ಎಷ್ಟು ಚೆಂದದ ಕಥೆ! ಉಳಿಯುವುದಿಲ್ಲ. ವಾಟ್ಸಾಪಿನಲ್ಲಿ ಚಿತ್ರವನ್ನು ಹಂಚಿದೊಡನೆ ಆ ವಿವರ ಕಳಚಿಬೀಳುತ್ತದೆ. ಮೈಸೂರಿನ ಅತ್ತಿಗೆಗೆ ತಲುಪುವುದು ಕಾಲುಗಳು ಮಾತ್ರ.

ಅಲ್ಲಿಗೆ, ಮಾತನ್ನು ಕೂಡಿಸುವ ಭಾರ ಮನುಷ್ಯನ ಮೇಲೆಯೇ ಬಿತ್ತು. ಈ ಭಾರವನ್ನು ನಮ್ಮ ಹಿರಿಯ ಲೇಖಕರು ಸಂತೋಷದಿಂದ ಹೊತ್ತರು. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ವಿನಾಯಕ ಕೃಷ್ಣ ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು, ದಿನಕರ ದೇಸಾಯಿಯವರು ‘ನಾ ಕಂಡ ಪಡುವಣ’ವನ್ನು ಕೊಟ್ಟರು, ಶಿವರಾಮ ಕಾರಂತರು ಯುರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ರಚಿಸಿದರು. ಕಾರಂತರೇನು ಕ್ಯಾಮೆರಾ ಅರಿಯದವರಲ್ಲ. ಮೂಕಚಿತ್ರಗಳ ಕಾಲದಲ್ಲಿಯೇ ಸ್ವತಃ ಸಿನಿಮಾ ತೆಗೆದವರು. ಆದರೂ ಕಂಡದ್ದನ್ನು ಓದುಗನಿಗೆ ಮುಟ್ಟಿಸುವುದಕ್ಕೆ ಅವರು ನೆಚ್ಚಿದ್ದು ವಾಕ್ಯಗಳನ್ನು. ಆ ಕಾಲದಲ್ಲಿ ಓದುಗನು ಲಂಡನ್ನನ್ನು ಕಾಣುವ ಸಂಭವವೇ ಇರಲಿಲ್ಲ. ಆದುದರಿಂದ ಬೀದಿಯ ಅಗಲ, ಊಟದ ರುಚಿ, ಮನೆಯೊಡತಿಯ ಮಾತಿನ ಧಾಟಿ, ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಈಗ ಹೀಥ್ರೂವಿನಲ್ಲಿ ಇಳಿದವನ ಚಿತ್ರ ಅವನ ಸೂಟ್‌ಕೇಸು ಬೆಲ್ಟಿನ ಮೇಲೆ ಬರುವುದಕ್ಕೆ ಮೊದಲೇ ಹುಬ್ಬಳ್ಳಿಗೆ ತಲುಪಿರುತ್ತದೆ. ತಲುಪಿದ ಮೇಲೆ ಬರೆಯುವುದಕ್ಕೆ ಏನೂ ಉಳಿದಿಲ್ಲವೆಂಬ ಭ್ರಮೆ ಕವಿಯುತ್ತದೆ. ನಮ್ಮ ಪತ್ರಿಕೆಗಳ ಪ್ರವಾಸ ಪುಟಗಳೂ ಈ ಭ್ರಮೆಗೆ ಹೊರತಾಗಿಲ್ಲವೆಂದು, ಅವುಗಳಲ್ಲಿಯೇ ಬರೆಯುವ ನಾನು, ಸಂಕೋಚದಿಂದ ಹೇಳುತ್ತೇನೆ: ಅರ್ಧ ಪುಟದ ಬಣ್ಣದ ಚಿತ್ರ, ಅದರ ಕೆಳಗೆ ಸ್ಥಳದ ಹೆಸರು, ವೀಸಾದ ಖರ್ಚು.

ಕನ್ನಡಿಗರಿಗೆ ಲಂಡನ್ನಿನಲ್ಲಿ ಈಗ ತಮ್ಮದೇ ಒಂದು ಕ್ಷೇತ್ರವೂ ಇದೆ. ಲ್ಯಾಂಬೆತ್ತಿನ ಮಾಜಿ ಮೇಯರ್ ನೀರಜ್ ಪಾಟೀಲರ ಪ್ರಯತ್ನದಿಂದ ಥೇಮ್ಸಿನ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಸ್ಥಾಪಿತವಾಗಿ, 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅದು. ನದಿಯ ಆಚೆಯ ದಡದಲ್ಲಿ ಪಾರ್ಲಿಮೆಂಟು; ಈಚೆಯ ದಡದಲ್ಲಿ ಅನುಭವ ಮಂಟಪದ ಬಸವಣ್ಣ. ನನ್ನ ಮಗಳು ನನ್ನನ್ನು ಪ್ರತಿಮೆಯ ಮಗ್ಗುಲಲ್ಲಿ ನಿಲ್ಲಿಸಿ ಚಿತ್ರ ತೆಗೆಯುವಾಗ, ದಂಡೆಯ ಮೇಲೆ ವ್ಯಾಯಾಮಕ್ಕೆಂದು ಓಡುತ್ತ ಬಂದ ಬಿಳಿಯ ಯುವಕನೊಬ್ಬ ನಿಂತು, ಏದುಸಿರು ಬಿಡುತ್ತ, ಸೊಂಟದ ಮೇಲೆ ಕೈಯಿಟ್ಟುಕೊಂಡು ಪೀಠದ ಮೇಲಿನ ಬರಹವನ್ನು ಓದತೊಡಗಿದನು. ಕಿವಿಯೊಳಗಿನ ಹಾಡಿನ ಗುಬಟನ್ನು ಒಂದು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದನು, ಓದುವುದಕ್ಕೂ ಮೌನ ಬೇಕೆಂಬಂತೆ. “ಅಪ್ಪಾ, ಹಿಂದೆ ಇವನೊಬ್ಬ ಬಂದುಬಿಟ್ಟಿದಾನೆ, ಅಳಿಸಿಬಿಡ್ತೀನಿ” ಎಂದಳು. “ಬೇಡಮ್ಮ, ಇರಲಿ, ಈ ಚಿತ್ರದಲ್ಲಿ ಬಸವಣ್ಣನ ವಿಷಯ ಓದುತ್ತಿರುವವನು ಅವನೊಬ್ಬನೇ” ಎಂದೆ. ಅವಳು ನಕ್ಕು ಬಿಟ್ಟುಬಿಟ್ಟಳು.

ಇಷ್ಟು ಹೇಳಿದ ಮಾತ್ರಕ್ಕೆ, ಬಿಗ್ ಬೆನ್ನಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ಹಾಸ್ಯಮಾಡುವುದು ನನ್ನ ಉದ್ದೇಶವೆಂದು ಯಾರೂ ತಿಳಿಯಬಾರದು. ಹಾವೇರಿಯ ಕಡೆಯ ಹಳ್ಳಿಯಲ್ಲಿ ಮಗನನ್ನು ಓದಿಸುವುದಕ್ಕಾಗಿ ಹೊಲ ಅಡವಿಟ್ಟ ತಾಯಿ, ಎಪ್ಪತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿ ವಿಮಾನ ಹತ್ತಿ ಬಂದು, ಇಳಕಲ್ಲಿನ ಸೀರೆಯ ಮೇಲೆ ಸೊಸೆಯ ಜಾಕೆಟ್ಟನ್ನು ತೊಟ್ಟು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತಾಗ, ಆ ಚಿತ್ರದ ಮುಖ್ಯ ವಿಷಯ ಗಡಿಯಾರವೂ ಅಲ್ಲ, ಸೇತುವೆಯೂ ಅಲ್ಲ, ಆಕೆಯೇ. ಆಕೆ ಅದನ್ನು ಓಣಿಯ ಹತ್ತು ಮನೆಗೆ ತೋರಿಸಲಿ. ಹಾಗೆಯೇ, ತನ್ನ ಚಿತ್ರ ಬೇಡವೆನ್ನುವ ದಾರಿಹೋಕನ ಇಷ್ಟವನ್ನೂ ಪರರ ಮಕ್ಕಳ ಮುಖವನ್ನು ಲೋಕಕ್ಕೆಲ್ಲ ಹಂಚಬಾರದೆಂಬ ವಿವೇಕವನ್ನೂ ನಾನು ಅಲ್ಲಗಳೆಯುವುದಿಲ್ಲ. ಮನೆಯ ಸಂಗ್ರಹದಲ್ಲಿ ಇಟ್ಟುಕೊಳ್ಳುವ ಪ್ರತಿ ಬೇರೆ, ಬೀದಿಗೆ ಬಿಡುವ ಪ್ರತಿ ಬೇರೆ. ಮೂಲಪ್ರತಿಯನ್ನು ಕೆಡಿಸದೆ ಇಡಿ ಎಂಬಷ್ಟೇ ನನ್ನ ಬೇಡಿಕೆ.

ಇದಕ್ಕಿಂತ ಅವಸರದ ಬೇಡಿಕೆ ಇನ್ನೊಂದಿದೆ. ಇಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಗೆಂದು 1960ರ ಮತ್ತು 1970ರ ದಶಕಗಳಲ್ಲಿ ಬಂದ ಕರ್ನಾಟಕದ ವೈದ್ಯರ ತಲೆಮಾರು ಈಗ ಇಳಿವಯಸ್ಸನ್ನು ಮುಟ್ಟಿದೆ. ಹ್ಯಾರೋ, ಇಲ್‌ಫರ್ಡ್, ಕ್ರಾಯ್ಡನ್ ಕಡೆಯ ಅವರ ಮನೆಗಳ ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಆ ವರ್ಷಗಳ ಆಲ್ಬಮ್ಮುಗಳೂ ಸ್ಲೈಡುಗಳೂ ಇವೆ. ಅವುಗಳಲ್ಲಿ ಯುರೋಪು ಪ್ರವಾಸದ ಐಫೆಲ್ ಗೋಪುರವೂ ಸ್ವಿಸ್ ಹಿಮವೂ ಇರುವುದು ಸಹಜ. ಆದರೆ ನನಗೆ ಬೇಕಾದುದು ಆ ಪುಟಗಳ ನಡುವೆ ಹೇಗೋ ಉಳಿದುಕೊಂಡ ಮನೆಯ ಚಿತ್ರಗಳು: ಹೊಸ್ತಿಲ ಮೇಲೆ ಹಾಲಿನವನು ಇಟ್ಟುಹೋದ ಗಾಜಿನ ಬಾಟಲಿ, ನಾಣ್ಯ ಹಾಕಿದರೆ ಮಾತ್ರ ಉರಿಯುವ ಗ್ಯಾಸಿನ ಮೀಟರು, ಬಾಡಿಗೆ ಕೋಣೆಯ ಗೋಡೆಗೆ ತೂಗುಹಾಕಿದ ಊರಿನ ಕ್ಯಾಲೆಂಡರು, ಹಿಮದಲ್ಲಿ ಚಪ್ಪಲಿ ತೊಟ್ಟು ನಿಂತ ಹೊಸ ಮದುವಣಗಿತ್ತಿ. ಕನ್ನಡ ಪುಸ್ತಕ ಸಿಕ್ಕದ, ಕರಿಬೇವು ಸಿಕ್ಕದ, ಊರಿಗೆ ಫೋನು ಮಾಡುವುದೆಂದರೆ ಹಬ್ಬವೇ ಆಗಿದ್ದ ಆ ಕಾಲದ ಲಂಡನ್ ಕನ್ನಡಿಗರ ಜೀವನಕ್ಕೆ ಇದಕ್ಕಿಂತ ಉತ್ತಮವಾದ ಆಧಾರ ಬೇರೆಯಿಲ್ಲ. ಮನೆ ಮಾರುವ ದಿನ, ಕನ್ನಡ ಓದಲು ಬಾರದ ಮೊಮ್ಮಕ್ಕಳು, ಗುರುತಿಲ್ಲದ ಮುಖಗಳ ಈ ಪೆಟ್ಟಿಗೆಯನ್ನು ಏನು ಮಾಡಬೇಕೆಂದು ತಿಳಿಯದೆ ಕಸದ ಗಾಡಿಗೆ ಹಾಕಿದರೆ ಅವರನ್ನು ದೂರಿ ಫಲವಿಲ್ಲ. ಯಾರೆಂದು ನಾವು ಬರೆದಿಟ್ಟಿದ್ದರೆ ತಾನೇ?

ಬಾದಾಮಿಯ ಚಿತ್ರಗಳನ್ನು ಒಂದೂವರೆ ಶತಮಾನಕ್ಕೂ ಮಿಕ್ಕಿ ಜೋಪಾನವಾಗಿ ಕಾಯ್ದ ನಗರದಲ್ಲಿದ್ದುಕೊಂಡು ನಮ್ಮ ಸಂಘಸಂಸ್ಥೆಗಳು ಇದನ್ನು ಮಾಡಲಾರೆವೆನ್ನುವುದು ಒಪ್ಪತಕ್ಕ ಮಾತಲ್ಲ. ದೊಡ್ಡ ಧನಸಹಾಯವಾಗಲಿ ಮಂತ್ರಿಗಳ ಉದ್ಘಾಟನೆಯಾಗಲಿ ಇದಕ್ಕೆ ಬೇಕಿಲ್ಲ. ಯುಗಾದಿಗೋ ರಾಜ್ಯೋತ್ಸವಕ್ಕೋ ಸಭಾಂಗಣ ಹಿಡಿದಾಗ ಒಂದು ಮೂಲೆಯಲ್ಲಿ ಮೇಜು ಹಾಕಿ, ಅದರ ಮೇಲೆ ಒಂದು ಸ್ಕ್ಯಾನರು, ಪಕ್ಕದಲ್ಲಿ ಕಂಪ್ಯೂಟರು ಬಲ್ಲ ಇಬ್ಬರು ಹುಡುಗರು. ಹಿರಿಯರು ಹೇಳಿದಂತೆ ಯಾರು, ಯಾವ ಊರಿನವರು, ಯಾವ ಬೀದಿ, ಯಾವ ವರ್ಷ ಎಂದು ಬರೆದುಕೊಂಡರಾಯಿತು. ಮೂಲಚಿತ್ರದ ಬೆನ್ನ ಮೇಲೆ ಬರೆಯುವುದಾದರೆ ಮೆದು ಪೆನ್ಸಿಲಿನಿಂದ, ಒತ್ತದೆ, ಅಂಚಿನ ಬಳಿ ಬರೆಯಬೇಕು. ಬಾಲ್‌ಪೆನ್ನು ಒತ್ತಿದ ಗುರುತು ಮುಂಬದಿಗೆ ಏಳುತ್ತದೆ, ಮಸಿ ಕಾಲಕ್ರಮದಲ್ಲಿ ಇಳಿದು ಮುಖಗಳನ್ನೇ ತಿನ್ನುತ್ತದೆ. ಒಂದು ಪ್ರತಿಯನ್ನು ಇಲ್ಲಿಯ ಬರೋಗಳ ಸ್ಥಳೀಯ ಇತಿಹಾಸ ಸಂಗ್ರಹಗಳಿಗೂ ಇನ್ನೊಂದನ್ನು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಒಪ್ಪಿಸಬಹುದು. ಮುಂದಿನ ಸಮಾರಂಭದ ಆಹ್ವಾನಪತ್ರದಲ್ಲಿ, ಹಾಡು ಕುಣಿತಗಳ ಪಟ್ಟಿಗೂ ಊಟದ ವೇಳೆಗೂ ನಡುವೆ, ಮನೆಯಲ್ಲಿರುವ ಹಳೆಯ ಆಲ್ಬಮ್ಮನ್ನೂ ಅದರಲ್ಲಿರುವವರ ಹೆಸರು ಬಲ್ಲ ಹಿರಿಯರನ್ನೂ ಜೊತೆಗೆ ಕರೆತರಬೇಕೆಂದು ಒಂದು ಸಾಲನ್ನು ಸೇರಿಸಿಕೊಳ್ಳಲಿ.